ಶೋಗನ್ ಗೊತ್ತು, ಚೌಟರು ಗೊತ್ತಾ?

ನಮ್ಮ ವಯಸ್ಸಿನವರಲ್ಲಿ ಜಪಾನಿನ ಚರಿತ್ರೆ ಗೊತ್ತಿಲ್ಲದವರು ಕಡಿಮೆ. ಪಾಠದಲ್ಲಿ ಕಲಿತದ್ದಲ್ಲ, ಅನಿಮೆ, ಗೇಮ್, ವೆಬ್ ಸೀರೀಸ್ ಕಲಿಸಿದ್ದು. ಸಮುರಾಯ್ ಅಂದರೆ ಯಾರು, ಶೋಗನ್ ಅಂದರೆ ಯಾರು, ಸೆಂಗೊಕು ಕಾಲದಲ್ಲಿ ಯಾರು ಯಾರ ಮೇಲೆ ಯುದ್ಧಕ್ಕೆ ಹೋದರು ಎಂದು ಕೇಳಿ ನೋಡಿ, ಮೆಕ್ಯಾನಿಕಲ್‌ನ ಹುಡುಗನೂ ಇಲೆಕ್ಟ್ರಾನಿಕ್ಸ್‌ನ ಹುಡುಗಿಯೂ ಥಟ್ಟನೆ ಹೇಳುತ್ತಾರೆ. ಅದೇ ಬಾಯಲ್ಲಿ, ಚೌಟರು ಯಾರು, ಬಂಗರಸರು ಎಲ್ಲಿಯವರು, ಅಜಿಲರು ಏನು ಮಾಡಿದರು ಎಂದು ಕೇಳಿದರೆ ಮೌನ. ಕೇಳಿಸಿಕೊಂಡವರು ಮೂಡುಬಿದಿರೆಯಲ್ಲೇ ಓದುವವರು, ಬಂಟ್ವಾಳದಿಂದ ದಿನಾ ಬಸ್ಸಿನಲ್ಲಿ ಬರುವವರು, ಬೆಳ್ತಂಗಡಿಯಲ್ಲಿ ಮನೆ ಇರುವವರು.

ಜಪಾನಿನವರು ತಮ್ಮ ಚರಿತ್ರೆಯನ್ನು ನೀಟಾಗಿ ಕತ್ತರಿಸಿ ಇಟ್ಟಿದ್ದಾರೆ. 794ರಲ್ಲಿ ಕ್ಯೋಟೊ ರಾಜಧಾನಿಯಾದಾಗಿನಿಂದ ಹೇಯಾನ್ ಯುಗ. 12ನೇ ಶತಮಾನದ ಕೊನೆಗೆ ಯೋಧರ ಆಡಳಿತ ಶುರುವಾದದ್ದು ಕಾಮಾಕುರ ಯುಗ. 1336ರಿಂದ ಮುರೊಮಾಚಿ. ಅದರ ಕೊನೆಯ ಭಾಗದಲ್ಲಿ, 1467ರ ಒನಿನ್ ಯುದ್ಧದ ನಂತರ, ಎಲ್ಲರೂ ಎಲ್ಲರ ಮೇಲೆ ಬಿದ್ದ ಸೆಂಗೊಕು. 1603ರಿಂದ 1868ರವರೆಗೆ ಎಡೊ. ಐದಾರು ಹೆಸರು ನೆನಪಿಟ್ಟರೆ ಸಾವಿರ ವರ್ಷದ ನಕ್ಷೆ ತಲೆಯಲ್ಲಿ ಕೂರುತ್ತದೆ. ಅಂಥದೇ ನಕ್ಷೆ ನಮ್ಮ ಮೂರು ಊರುಗಳ ನಡುವೆಯೂ ಇದೆ. ಅದರ ಪುಟಗಳು ಬಸ್ ಸ್ಟಾಪಿಗೊಂದರಂತೆ ಹರಡಿಕೊಂಡಿವೆ, ಅಷ್ಟೆ.

ಮೊದಲ ಪುಟ: ಜೋಡಿ ಮೀನಿನ ಅಳುಪರು

ತುಳುನಾಡನ್ನು ಹೆಚ್ಚು ಕಾಲ ಆಳಿದವರು ಅಳುಪರು. ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನದಲ್ಲೇ ಅವರ ಹೆಸರಿದೆ. 14ನೇ ಶತಮಾನದ ಕೊನೆಯ ತನಕವೂ ಅವರ ಕುರುಹು ಸಿಗುತ್ತದೆ. ಬಂಟ್ವಾಳ ತಾಲೂಕಿನ ಪೊಳಲಿ ಎಂದರೆ ನಮಗೆ ರಾಜರಾಜೇಶ್ವರಿ, ಸುಮಾರು ಒಂದು ತಿಂಗಳು ನಡೆಯುವ ಜಾತ್ರೆ, ಪೊಳಲಿ ಚೆಂಡು. ಅಲ್ಲಿಯ ಪೊಳಲಿ-ಅಮ್ಮುಂಜೆ ಶಾಸನ ಅಳುಪರ ಕಾಲದ ಹಳೆಯ ಕನ್ನಡ ಶಾಸನಗಳಲ್ಲಿ ಒಂದು. ಅವರ ನಾಣ್ಯಗಳ ಮೇಲೆ ಜೋಡಿ ಮೀನು.

ಬಾದಾಮಿ ಚಾಲುಕ್ಯರು, ರಾಷ್ಟ್ರಕೂಟರು, ಹೊಯ್ಸಳರು ಎಂದು ಘಟ್ಟದ ಮೇಲೆ ದೊರೆಗಳು ಬದಲಾಗುತ್ತಲೇ ಇದ್ದರು. ಘಟ್ಟದ ಕೆಳಗೆ ಅಳುಪರು ಒಮ್ಮೆ ಸಾಮಂತರಾಗಿ, ಒಮ್ಮೆ ಬೀಗರಾಗಿ, ಒಮ್ಮೆ ಸ್ವತಂತ್ರರಾಗಿ ಉಳಿದುಕೊಂಡರು. ಚಾಲುಕ್ಯ ವಿಜಯಾದಿತ್ಯನ ತಂಗಿ ಕುಂಕುಮದೇವಿ ಬಂದದ್ದು ಅಳುಪ ಚಿತ್ರವಾಹನನ ಮನೆಗೆ. 968ರಲ್ಲಿ ಕುಂದವರ್ಮ ಪ್ರತಿಷ್ಠೆ ಮಾಡಿಸಿದ ಕದ್ರಿಯ ಲೋಕೇಶ್ವರ ವಿಗ್ರಹದ ಕಂಚಿನ ಕೆಲಸ ನೋಡಿದರೆ ಅದು ಎಂಥ ಕಾಲವಾಗಿತ್ತೆಂದು ಊಹಿಸಬಹುದು. ಜಪಾನಿನ ಹೇಯಾನ್ ಅರಮನೆಯಲ್ಲಿ ಕವಿತೆ ಬರೆಯುತ್ತಿದ್ದ ಶತಮಾನಗಳು, ಇಲ್ಲಿ ಅಳುಪರ ಶತಮಾನಗಳು.

ಎರಡನೇ ಪುಟ: ಬಸದಿ ಮತ್ತು ಭತ್ತ

ವಿಜಯನಗರ ಬಂದ ಮೇಲೆ ಕರಾವಳಿ ಎರಡು ಭಾಗವಾಯಿತು: ಬಾರಕೂರು ರಾಜ್ಯ, ಮಂಗಳೂರು ರಾಜ್ಯ. ಹಂಪಿಯಿಂದ ನೇಮಕವಾದ ಅಧಿಕಾರಿಗಳು ಬಂದು ಆಡಳಿತ ನೋಡಿದರು. ಮೂಡುಬಿದಿರೆಯ ಸಾವಿರ ಕಂಬದ ಬಸದಿ ಕಟ್ಟಿದ್ದು ಆಗ, 1430ರಲ್ಲಿ. ಕ್ಯೋಟೊದ ಪ್ರಸಿದ್ಧ ಚಿನ್ನದ ಮಂಟಪ ಕಿಂಕಾಕುಜಿ ಅದಕ್ಕಿಂತ ಸುಮಾರು ಮೂವತ್ತು ವರ್ಷ ಹಿರಿದು. ಎರಡೂ ಮೂರು ಅಂತಸ್ತಿನವು, ಎರಡಕ್ಕೂ ಮಳೆಗೆ ಹೇಳಿಮಾಡಿಸಿದ ಇಳಿಜಾರು ಮಾಡು. ಅದು 1950ರಲ್ಲಿ ಸುಟ್ಟು, 1955ರಲ್ಲಿ ಹೊಸದಾಗಿ ಎದ್ದದ್ದು. ನಮ್ಮದು ಆರುನೂರು ಮಳೆಗಾಲ ಕಂಡು ಹಾಗೆಯೇ ನಿಂತಿದೆ. ಬಸದಿಯ ಜಗಲಿಯ ಕಲ್ಲಿನಲ್ಲಿ ಜಿರಾಫೆ, ಚೀನಾದ ಡ್ರ್ಯಾಗನ್ ಎಂದು ಗುರುತಿಸುವ ಕೆತ್ತನೆಗಳಿವೆ. ಕರಿಮೆಣಸು ಹಡಗು ಹತ್ತಿ ಹೋಗುತ್ತಿದ್ದ ನಾಡಿಗೆ ಹೊರಗಿನ ಜಗತ್ತು ಎಷ್ಟು ಹತ್ತಿರವಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಆದರೆ ಆ ಕಾಲದ ಬಗ್ಗೆ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಕಂಬವಲ್ಲ, ಒಂದು ಲೆಕ್ಕ. ಹರಿಹರರಾಯನ ಕಾಲದ್ದೆಂದು ನಂತರದ ಬ್ರಿಟಿಷ್ ಅಧಿಕಾರಿಗಳು ಬರೆದಿಟ್ಟ ಲೆಕ್ಕ ಅದು. ಎರಡೂವರೆ ಅಳತೆ ಬೀಜ ಬಿತ್ತಿದರೆ 30 ಅಳತೆ ಭತ್ತ ಎಂದು ಹಿಡಿಯಬೇಕು. ಅದರಲ್ಲಿ ಉತ್ತವನಿಗೆ 15. ಭೂಮಾಲಿಕನಿಗೆ 7½. ಸರಕಾರಕ್ಕೆ 5. ಬ್ರಾಹ್ಮಣರಿಗೆ 1½. ದೇವಸ್ಥಾನಕ್ಕೆ 1. ಕೂಡಿ ನೋಡಿ, ಸರಿಯಾಗಿ 30 ಆಗುತ್ತದೆ. ಒಂದು ಇಡೀ ಸಮಾಜದ ಕಟ್ಟೋಣ ಒಂದೇ ಸಾಲಿನ ಸಮೀಕರಣದಲ್ಲಿದೆ.

ಜಪಾನಿನಲ್ಲೂ ಅಧಿಕಾರದ ಅಳತೆಗೋಲು ಅಕ್ಕಿಯೇ. ಅಲ್ಲಿಯ ಮಾನ 'ಕೊಕು'. ಸುಮಾರು 180 ಲೀಟರ್, ಅಂದರೆ ಒಬ್ಬ ಮನುಷ್ಯನಿಗೆ ಒಂದು ವರ್ಷಕ್ಕೆ ಸಾಕಾಗುವ ಅಕ್ಕಿ. ಎಡೊ ಯುಗದಲ್ಲಿ ಹತ್ತು ಸಾವಿರ ಕೊಕು ಬೆಳೆಯುವ ಸೀಮೆ ಇದ್ದವನಿಗೆ ಮಾತ್ರ 'ದೈಮ್ಯೊ' ಎಂಬ ಪಟ್ಟ. ಬೆಳೆಯಲ್ಲಿ ನಾಲ್ಕು ಪಾಲು ದೊರೆಗೆ, ಆರು ಪಾಲು ರೈತನಿಗೆ ಎಂಬ ಮಾತೂ ಅಲ್ಲಿ ಬಳಕೆಯಲ್ಲಿತ್ತು. ನಮ್ಮಲ್ಲಿ ಆ ಜಾಗ 'ಮುಡಿ'ಯದು. 14 ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ. ಬೈಹುಲ್ಲಿನಲ್ಲಿ ಉರುಟಾಗಿ ಬಿಗಿದು ಕಟ್ಟಿದ ಅಕ್ಕಿಮುಡಿ ಈಗ ಶುಭಕಾರ್ಯದ ವೇದಿಕೆಯಲ್ಲಿ ಅಲಂಕಾರಕ್ಕೆ ಕೂರುತ್ತದೆ. ಒಂದು ಕಾಲದಲ್ಲಿ ಗದ್ದೆಯ ವಿಸ್ತಾರ, ಗೇಣಿ, ಸಾಲ, ಮರ್ಯಾದೆ ಎಲ್ಲವನ್ನೂ ಅದೇ ಅಳೆಯುತ್ತಿತ್ತು.

ಮೂರನೇ ಪುಟ: ನಮ್ಮ ಸೆಂಗೊಕು

ವಿಜಯನಗರದ ಹಿಡಿತ ಸಡಿಲವಾದಂತೆ ಸ್ಥಳೀಯ ಅರಸುಮನೆತನಗಳು ತಲೆ ಎತ್ತಿದವು. ಉಳ್ಳಾಲ, ಪುತ್ತಿಗೆ, ಮೂಡುಬಿದಿರೆಗಳಲ್ಲಿ ಚೌಟರು. ಬೆಳ್ತಂಗಡಿ ತಾಲೂಕಿನ ಬಂಗಾಡಿಯಲ್ಲೂ ಬಂಟ್ವಾಳ ತಾಲೂಕಿನ ನಂದಾವರದಲ್ಲೂ ಬಂಗರು. ವೇಣೂರಿನಲ್ಲಿ ಅಜಿಲರು. ಬೈಲಂಗಡಿಯಲ್ಲಿ ಮೂಲರು. ವಿಟ್ಲದಲ್ಲಿ ಡೊಂಬ ಹೆಗ್ಗಡೆಗಳು. ಪಕ್ಕದ ಕಾರ್ಕಳದಲ್ಲಿ ಭೈರರಸರು. ಅರಸನ ಕೆಳಗೆ ಬೀಡಿನ ಬಲ್ಲಾಳ, ಅವನ ಕೆಳಗೆ ಗುತ್ತು, ಗುತ್ತಿನ ಕೆಳಗೆ ಒಕ್ಕಲು. ಶೋಗನ್, ದೈಮ್ಯೊ, ಸಮುರಾಯ್, ರೈತ ಎಂಬ ಏಣಿಯನ್ನು ಬಾಯಿಪಾಠ ಮಾಡಿದವರಿಗೆ ಈ ಏಣಿ ಹೊಸದೇನಲ್ಲ. ಒಂದು ವ್ಯತ್ಯಾಸ ಮಾತ್ರ ದೊಡ್ಡದು: ಇಲ್ಲಿ ಅಳಿಯಕಟ್ಟು. ಪಟ್ಟ ಮಗನಿಗಲ್ಲ, ಅಕ್ಕತಂಗಿಯರ ಸಂತಾನಕ್ಕೆ. ಹಾಗಾಗಿ ನಮ್ಮ ಈ ಪುಟದಲ್ಲಿ ರಾಣಿಯರಿದ್ದಾರೆ.

ಪೋರ್ಚುಗೀಸರು 1543ರಲ್ಲಿ ಜಪಾನಿಗೆ ಕೋವಿ ತಲುಪಿಸಿದರು. ಅಲ್ಲಿಯ ಯುದ್ಧದ ಸ್ವರೂಪವೇ ಬದಲಾಯಿತು. ಅದೇ ಪೋರ್ಚುಗೀಸರು ಅದೇ ಶತಮಾನದಲ್ಲಿ ನಮ್ಮ ಕಡಲಲ್ಲೂ ಇದ್ದರು. ಅವರಿಗೆ ಕಪ್ಪ ಕೊಡಲು ಒಪ್ಪದೆ ಎದುರು ನಿಂತ ಉಳ್ಳಾಲದ ಅಬ್ಬಕ್ಕ ಚೌಟ ಮನೆತನದವಳು. ಉಳ್ಳಾಲದ ರಾಣಿಯೊಬ್ಬಳನ್ನು 1623ರಲ್ಲಿ ಇಟಲಿಯ ಯಾತ್ರಿಕ ಪಿಯೆತ್ರೊ ದೆಲ್ಲಾ ವಲ್ಲೆ ಕಣ್ಣಾರೆ ಕಂಡು ಬರೆದಿದ್ದಾನೆ. ಬರಿಗಾಲು, ದಪ್ಪ ಹತ್ತಿಯ ಬಟ್ಟೆ, ತಾನು ಮಾಡಿಸುತ್ತಿದ್ದ ಕೆಲಸವನ್ನು ನೋಡಲು ನಡೆದುಕೊಂಡೇ ಹೊರಟವಳು. ವೇಷ ನೋಡಿ ರಾಣಿ ಎನ್ನಲು ಸಾಧ್ಯವಿರಲಿಲ್ಲವಂತೆ. ಬಾಯಿ ತೆರೆದ ಮೇಲೆ ಬೇರೆ ಯಾರೂ ಎನ್ನಲು ಸಾಧ್ಯವಿರಲಿಲ್ಲವಂತೆ. ಅವಳ ಮದುವೆಯಾಗಿದ್ದು ಬಂಗರಸನೊಂದಿಗೆ. ಜಗಳವಾದಾಗ ಅವಳು ಅವನ ಒಡವೆಗಳನ್ನು ಹಿಂದಕ್ಕೆ ಕಳಿಸಿ ಸಂಬಂಧ ಮುರಿದುಕೊಂಡಳು. ಬಂಗ ಪೋರ್ಚುಗೀಸರ ಸಹಾಯ ಕೇಳಿದ, ಅವಳು ಇಕ್ಕೇರಿಯ ವೆಂಕಟಪ್ಪ ನಾಯಕನ ಸಹಾಯ ಕೇಳಿದಳು. ಮನೆಯ ಜಗಳದಲ್ಲಿ ಗೆದ್ದದ್ದು ಇಕ್ಕೇರಿ.

ಇನ್ನೊಂದು ಜಗಳ ಕಲ್ಲಿನದು. ಕಾರ್ಕಳದ ವೀರಪಾಂಡ್ಯ ಭೈರರಸ 1432ರಲ್ಲಿ 42 ಅಡಿಯ ಗೊಮ್ಮಟನನ್ನು ನಿಲ್ಲಿಸಿದ್ದ. 1604ರಲ್ಲಿ ವೇಣೂರಿನ ತಿಮ್ಮಣ್ಣ ಅಜಿಲ ಫಲ್ಗುಣಿ ನದಿಯ ದಂಡೆಯಲ್ಲಿ 35 ಅಡಿಯ ಗೊಮ್ಮಟನನ್ನು ನಿಲ್ಲಿಸಿದ. ತನ್ನ ಊರಿನ ಕೀರ್ತಿ ಕುಂದುತ್ತದೆಂದು ಆಗಿನ ಕಾರ್ಕಳದ ಅರಸ ಅಡ್ಡ ಬಂದ, ಮೂರ್ತಿಯನ್ನು ತನಗೆ ಕೊಡು ಎಂದ, ಅಜಿಲ ಅದನ್ನು ನದಿಯ ಮರಳಿನಲ್ಲಿ ಹುಗಿದಿಟ್ಟು ಯುದ್ಧ ಮಾಡಿದ ಎಂದು ಐತಿಹ್ಯ. ಅದರ ಹಿಂದಿನ ವರ್ಷ ಜಪಾನಿನಲ್ಲಿ ತೊಕುಗಾವ ಇಯೆಯಾಸು ಶೋಗನ್ ಆಗಿ ಎಡೊ ಯುಗಕ್ಕೆ ಬಾಗಿಲು ತೆರೆದಿದ್ದ.

ನಾಲ್ಕನೇ ಪುಟ: ಇಕ್ಕೇರಿಯಿಂದ ಕಂಪನಿಗೆ

ತೊಕುಗಾವನ ವಂಶ ದೈಮ್ಯೊಗಳನ್ನು ಕೊಲ್ಲಲಿಲ್ಲ, ಕಟ್ಟಿಹಾಕಿತು. ವರ್ಷ ಬಿಟ್ಟು ವರ್ಷ ಅವರು ಎಡೊಗೆ ಬಂದು ಕೂರಬೇಕು, ಹೆಂಡತಿ ಮಕ್ಕಳನ್ನು ಅಲ್ಲೇ ಬಿಟ್ಟಿರಬೇಕು. ಕೆಳದಿಯ ನಾಯಕರೂ ಇಲ್ಲಿಯ ಅರಸರನ್ನು ಹೆಚ್ಚುಕಡಿಮೆ ಹಾಗೆಯೇ ಕುಗ್ಗಿಸಿದರು. ಪಟ್ಟ, ಬಿರುದು, ಅರಮನೆ ಉಳಿಯಿತು. ಕಪ್ಪ ಘಟ್ಟ ಹತ್ತಿತು. ಮೂಡುಬಿದಿರೆಯ ಚೌಟರ ಅರಮನೆಯ ಮರದ ಕಂಬಗಳು ಆ ಕಾಲದವು. ಒಂಬತ್ತು ಹೆಂಗಸರು ಹೆಣೆದುಕೊಂಡು ಆನೆಯಾದ ನವನಾರಿಕುಂಜರ, ಐವರು ಸೇರಿ ಕುದುರೆಯಾದ ಪಂಚನಾರಿತುರಗ. ಆಳುವ ಕೆಲಸ ಕಡಿಮೆಯಾದ ಮೇಲೆ ಆ ಕೈಗಳ ಗಮನ ಮರದ ಕಡೆಗೆ ಹೋಯಿತೋ ಏನೋ ಎಂದು ನನಗೆ ಅನಿಸುವುದುಂಟು.

1763ರಲ್ಲಿ ಹೈದರಾಲಿ ಕೆಳದಿಯನ್ನು ಗೆದ್ದ. ಟಿಪ್ಪು ಬೆಳ್ತಂಗಡಿಯ ನರಸಿಂಹಗಡವನ್ನು ಮತ್ತೆ ಕಟ್ಟಿಸಿ ಜಮಲಾಬಾದ್ ಎಂದು ಹೆಸರಿಟ್ಟ. ನಾವು ಟ್ರೆಕ್ಕಿಂಗ್ ಹೋಗುವ ಗಡಾಯಿಕಲ್ಲು ಅದು. 1799ರಲ್ಲಿ ಟಿಪ್ಪು ಮಡಿದ ಮೇಲೆ ಕಂಪನಿ ಬಂತು. ಅರಸರಿಗೆ ಪಿಂಚಣಿ, ಊರಿಗೆ ಕಲೆಕ್ಟರ್. ಮೊದಲ ಕಲೆಕ್ಟರ್ ಥಾಮಸ್ ಮನ್ರೋ ಇಲ್ಲಿಯ ಹಳೆಯ ಕಂದಾಯದ ಲೆಕ್ಕ ಬಿಡಿಸುತ್ತಾ ಹೋದಂತೆ ಒಂದರ ಮೇಲೊಂದು ಪದರ ಕಂಡಿತು. ತಳದಲ್ಲಿ ವಿಜಯನಗರದ ಪಾಲು. ಅದರ ಮೇಲೆ ಕೆಳದಿಯವರು ಏರಿಸಿದ್ದು. ಅದರ ಮೇಲೆ ಹೈದರ್, ಟಿಪ್ಪು ಕಾಲದ ಹೆಚ್ಚುವರಿ. ಹೀಗೆ ಮೇಲಿಂದ ಕೂಡಿಸಿದ್ದಕ್ಕೆ ದಾಖಲೆಗಳಲ್ಲಿ 'ಶಾಮಿಲು' ಎಂದು ಹೆಸರು. ಯುಗ ಬದಲಾದಾಗಲೆಲ್ಲ ಪದರ ಏರಿತು, ಯಾವ ಪದರವೂ ಇಳಿಯಲಿಲ್ಲ.

ಕಂಪನಿ ಅಕ್ಕಿಯ ಬದಲು ಹಣದಲ್ಲೇ ಕಂದಾಯ ಕಟ್ಟಬೇಕೆಂದದ್ದು 1837ರ ಕಲ್ಯಾಣಪ್ಪನ ಕಾಟಕಾಯಿಯ ಕಾರಣಗಳಲ್ಲಿ ಒಂದು. ಸುಳ್ಯದ ಕಡೆಯಿಂದ ಹೊರಟ ದಂಡು ಬಂಟ್ವಾಳ ದಾಟಿ ಮಂಗಳೂರಿನ ಬಾವುಟಗುಡ್ಡೆಯ ತನಕ ಹೋಯಿತು. ಅದರ ಜೊತೆ ಸೇರಿದ ನಂದಾವರದ ಬಂಗರಸನನ್ನು ಬ್ರಿಟಿಷರು ನೇಣಿಗೆ ಹಾಕಿದರು. ಬಂಗರ ಕಥೆ ಮುಗಿದದ್ದು ಹಾಗೆ.

ಶಾಸನದಲ್ಲಿ ಇಲ್ಲದವರು

ಇಷ್ಟು ಹೇಳಿದ ಮೇಲೆ ನಮ್ಮ ಯುಗಗಳ ಪಟ್ಟಿಯೂ ಜಪಾನಿನಷ್ಟೇ ಅಚ್ಚುಕಟ್ಟಾಯಿತು: ಅಳುಪ, ವಿಜಯನಗರ, ಅರಸುಮನೆತನ, ಕೆಳದಿ, ಮೈಸೂರು, ಕಂಪನಿ. ಪರೀಕ್ಷೆಗೆ ಆರು ಮಾರ್ಕಿನ ಉತ್ತರ ಸಿದ್ಧ. ಆದರೆ ಆ 30 ಅಳತೆಯ ಲೆಕ್ಕ ಓದಿದ ಮೇಲೆ ಒಂದು ಪ್ರಶ್ನೆ ಬಿಡುವುದಿಲ್ಲ. ಇಷ್ಟು ಯುಗಗಳಲ್ಲಿ 15 ಅಳತೆಯವನಿಗೆ ಏನಾಯಿತು?

ಕಲ್ಲಿನ ಶಾಸನ ಇದಕ್ಕೆ ಉತ್ತರ ಕೊಡುವುದು ಕಡಿಮೆ. ಅದು ಕೊಟ್ಟವನ ಹೆಸರು ಹೇಳುತ್ತದೆ, ತಿಥಿ ವಾರ ಹೇಳುತ್ತದೆ. ಕಲ್ಲು ಕಡಿದವನ ಕಥೆ ಪಾಡ್ದನದಲ್ಲಿದೆ. ಕಾರ್ಕಳದ ಗೊಮ್ಮಟನನ್ನು ಕಡಿದ ಶಿಲ್ಪಿ ಕಲ್ಕುಡ. ಇಂಥದು ಇನ್ನೊಂದು ಆಗಬಾರದೆಂದು ಅರಸ ಅವನ ಒಂದು ಕೈ, ಒಂದು ಕಾಲು ಕಡಿಸಿದ. ಕಲ್ಕುಡ ಉಳಿದ ಒಂದು ಕೈ, ಒಂದು ಕಾಲಿನಲ್ಲೇ ವೇಣೂರಿಗೆ ಬಂದು ಮತ್ತೊಂದು ಗೊಮ್ಮಟನನ್ನು ಕಡಿದ. ತಂಗಿ ಕಲ್ಲುರ್ಟಿ ಅಣ್ಣನಿಗಾದದ್ದಕ್ಕೆ ಲೆಕ್ಕ ಕೇಳಲು ಹೊರಟಳು. ಇಬ್ಬರೂ ದೈವಗಳಾದರು. ಬಂಟ್ವಾಳ ತಾಲೂಕಿನ ಪಣೋಲಿಬೈಲಿನಲ್ಲಿ ಇವತ್ತಿಗೂ ಸಾವಿರಾರು ಜನ ಹರಕೆ ಹೇಳುವುದು ಆ ಅಣ್ಣ ತಂಗಿಗೆ.

ಕ್ಯಾಲ್ಕ್ಯುಲೇಟರ್ ಹಿಡಿದವರು ತಕ್ಷಣ ಹೇಳುತ್ತಾರೆ: ಎರಡು ಗೊಮ್ಮಟರ ನಡುವೆ 172 ವರ್ಷ, ಒಬ್ಬನೇ ಎರಡನ್ನೂ ಕಡಿಯಲು ಹೇಗೆ ಸಾಧ್ಯ? ಸಾಧ್ಯವಿಲ್ಲ. ಪಾಡ್ದನ ಕ್ಯಾಲೆಂಡರ್ ಅಲ್ಲ. ಆದರೆ ಆ ಕಲ್ಲಿನ ಹಿಂದೆ ಒಂದು ಕೈ ಇತ್ತು, ಆ ಕೈಗೆ ಅರಸನಿಂದ ಸಿಕ್ಕ ಮರ್ಯಾದೆ ಇಂಥದು ಎಂದು ಹೇಳುವ ಧೈರ್ಯ ಮಾಡಿದ್ದು ಅದೊಂದೇ. ಅರಸರ ದಾಖಲೆ ಹಗಲು ಬಸದಿಯಲ್ಲಿ ಓದಲು ಸಿಗುತ್ತದೆ, ದುಡಿದವರ ದಾಖಲೆ ರಾತ್ರಿ ಕೋಲದಲ್ಲಿ ಕೇಳಲು ಸಿಗುತ್ತದೆ. ನಮ್ಮ ಚರಿತ್ರೆಗೆ ಎರಡೂ ಬೇಕು.

ಇನ್ನು ಆ 15 ಅಳತೆಯೂ ಪೂರ್ತಿ ನಿಜ ಹೇಳುವುದಿಲ್ಲ. ಎತ್ತು, ನೇಗಿಲು, ಆಳು ಎಲ್ಲದರ ಖರ್ಚು ಅದರೊಳಗೇ. 1801ರಲ್ಲಿ ಈ ಊರುಗಳ ಮೂಲಕ ಹಾದುಹೋದ ಫ್ರಾನ್ಸಿಸ್ ಬುಕಾನನ್ ಇಲ್ಲಿಯ ಜಮೀನುಗಳಲ್ಲಿ ದುಡಿಯುತ್ತಿದ್ದ ಜೀತದಾಳುಗಳ ಬಗ್ಗೆ ಬರೆದಿದ್ದಾನೆ. ಅವರಿಗೆ ಸಮೀಕರಣದಲ್ಲಿ ಸ್ವಂತ ಸ್ಥಾನವೇ ಇಲ್ಲ.

ಅಜ್ಜಿಯ ಎರಡು ಯುಗಗಳು

ಬೆಳ್ತಂಗಡಿ ತಾಲೂಕಿನ ಹಳ್ಳಿಯೊಂದರಲ್ಲಿರುವ ನನ್ನ ಅಜ್ಜಿಗೆ ಈ ಆರು ಯುಗಗಳಲ್ಲಿ ಯಾವುದೂ ಬೇಡ. ಅವರ ಚರಿತ್ರೆಯಲ್ಲಿ ಇರುವುದು ಎರಡೇ: 'ಡಿಕ್ಲರೇಶನ್' ಮೊದಲು, 'ಡಿಕ್ಲರೇಶನ್' ನಂತರ. ದೊಡ್ಡಮಾವ ಹುಟ್ಟಿದ್ದು ಯಾವಾಗ ಎಂದರೆ ಡಿಕ್ಲರೇಶನ್‌ಗಿಂತ ಮೊದಲು. ಮನೆಗೆ ಹಂಚು ಹಾಕಿದ್ದು ಯಾವಾಗ ಎಂದರೆ ಡಿಕ್ಲರೇಶನ್ ಆದ ಮೇಲೆ.

ಅಜ್ಜ ಚಾಲಗೇಣಿ ಒಕ್ಕಲು. ನಮ್ಮ ಜಿಲ್ಲೆಯಲ್ಲಿ ಗೇಣಿ ಎರಡು ಬಗೆ. ಮೂಲಗೇಣಿ ಎಂದರೆ ತಲೆಮಾರಿನಿಂದ ತಲೆಮಾರಿಗೆ, ಗೇಣಿ ನಿಗದಿ. ಚಾಲಗೇಣಿ ಎಂದರೆ ಧಣಿ ಇರು ಎಂದರೆ ಇರಬೇಕು, ಏಳು ಎಂದರೆ ಏಳಬೇಕು. ಅಜ್ಜಿ ಹೇಳುವಂತೆ ನಮ್ಮ ಗೇಣಿ ವರ್ಷಕ್ಕೆ ಹದಿನೆಂಟು ಮುಡಿ ಅಕ್ಕಿ. ಅದರ ಮೇಲೆ ಬುಳೆಕಾಣಿಕೆ ಎಂದು ಸೌತೆಕಾಯಿ, ಬಾಳೆಗೊನೆ ಹೊತ್ತುಕೊಂಡು ಹೋಗಿ ಧಣಿಗಳ ಅಂಗಳದಲ್ಲಿ ಇಟ್ಟು ಕೈಮುಗಿಯಬೇಕು. ನೆರೆ ಬಂದು ಪೈರು ಹೋದ ವರ್ಷವೂ ಮುಡಿ ಕಟ್ಟಿಯೇ ಆಗಬೇಕು. "ಮುಡಿ ನಮ್ಮ ಕೈಯಲ್ಲಿ ಕಟ್ಟಿದ್ದು ಮಗಾ, ಉಂಡದ್ದು ಗಂಜಿ ತಿಳಿ" ಎಂದು ಅಜ್ಜಿ ನಗುತ್ತಾರೆ. ನಗುವ ಮಾತಲ್ಲ ಎಂದು ಅವರಿಗೂ ಗೊತ್ತು.

1974ರ ಮಾರ್ಚ್ 1ರಂದು ಕರ್ನಾಟಕದ ಭೂಸುಧಾರಣಾ ತಿದ್ದುಪಡಿ ಕಾನೂನು ಜಾರಿಗೆ ಬಂತು. ದೇವರಾಜ ಅರಸು ಆಗ ಮುಖ್ಯಮಂತ್ರಿ. ಗೇಣಿಯ ಭೂಮಿಯೆಲ್ಲ ಸರಕಾರಕ್ಕೆ ಸೇರಿತು. ಉಳುವವನು ಏಳನೇ ನಮೂನೆಯ ಅರ್ಜಿ ಹಾಕಿ ಭೂನ್ಯಾಯ ಮಂಡಳಿಯ ಮುಂದೆ ನಿಂತರೆ ಭೂಮಿ ಅವನ ಹೆಸರಿಗೆ. ನಮ್ಮೂರ ಬಾಯಲ್ಲಿ ಅದೇ 'ಡಿಕ್ಲರೇಶನ್ ಹಾಕುವುದು'. ಗೇಣಿ ಪದ್ಧತಿ ಆಳವಾಗಿ ಬೇರೂರಿದ್ದ ದಕ್ಷಿಣ ಕನ್ನಡದಲ್ಲಿ ಅರ್ಜಿಗಳ ರಾಶಿಯೇ ಬಿತ್ತು. ಅರ್ಜಿ ಹಾಕಲು ಹೆದರಿದವರೂ ಇದ್ದರು. ಧಣಿಗಳ ಮುಖ ಹೇಗೆ ನೋಡುವುದು ಎಂದು ಅಜ್ಜ ಮೂರು ರಾತ್ರಿ ನಿದ್ದೆ ಮಾಡಿರಲಿಲ್ಲವಂತೆ. ಇತ್ತ ಹೋಟೆಲಿಗೂ ಬ್ಯಾಂಕಿಗೂ ಮುಂಬಯಿಗೂ ಹೊರಟ ಗುತ್ತಿನ ಮನೆಗಳ ಮಕ್ಕಳ ಕಥೆಯೂ ಆ ಕಾಲದ್ದೇ. ಕೇವಲ ಹೆಸರಿಗೆ ಧಣಿಯಾಗಿದ್ದು, ಇದ್ದ ಸ್ವಲ್ಪ ಗದ್ದೆಯನ್ನೂ ಕಳೆದುಕೊಂಡ ವಿಧವೆಯರೂ ಇದ್ದರು. ಜೀತ ಮಾಡಿದವರ ಮಕ್ಕಳಿಗೆ, ಗೇಣಿಚೀಟಿಯೇ ಇಲ್ಲದ ಕೂಲಿಯಾಳುಗಳಿಗೆ ಈ ಕಾನೂನಿನಿಂದ ಸಿಕ್ಕಿದ್ದು ಬಹಳ ಕಡಿಮೆ.

ಆಶ್ಚರ್ಯವೆಂದರೆ ಇಲ್ಲೂ ಜಪಾನ್ ಪಕ್ಕದಲ್ಲೇ ಇದೆ. 1868ರಲ್ಲಿ ಎಡೊ ಯುಗ ಮುಗಿಯಿತು, 1871ರಲ್ಲಿ ದೈಮ್ಯೊಗಳ ಸೀಮೆಗಳು ರದ್ದಾದವು. ಆದರೂ ಗೇಣಿ ಮಾತ್ರ ಹಾಗೆಯೇ ಉಳಿಯಿತು. ಎರಡನೇ ಮಹಾಯುದ್ಧದಲ್ಲಿ ಸೋತ ಮೇಲೆ, 1946ರಿಂದ, ಅಲ್ಲಿ ಭೂಸುಧಾರಣೆಯಾಯಿತು. ಸಾಗುವಳಿಯ ಅರ್ಧದ ಸಮೀಪವಿದ್ದ ಗೇಣಿಭೂಮಿ ಕೆಲವೇ ವರ್ಷಗಳಲ್ಲಿ ಹತ್ತನೇ ಒಂದು ಭಾಗಕ್ಕೆ ಇಳಿಯಿತು. ಕತ್ತಿ ಹಿಡಿದವರ ಯುಗ 19ನೇ ಶತಮಾನಕ್ಕೆ ಮುಗಿದಿದ್ದರೂ ಅಕ್ಕಿಯ ಯುಗ ಮುಗಿಯಲು 20ನೇ ಶತಮಾನದ ನಡುಭಾಗ ಬರಬೇಕಾಯಿತು. ನಮ್ಮಲ್ಲಿ ಇನ್ನೂ ಸ್ವಲ್ಪ ತಡ.

ಹಾಗಾಗಿ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಮಧ್ಯಯುಗ ಮುಗಿದದ್ದು ಯಾವಾಗ ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ 1799 ಅಲ್ಲ, 1974. ಆ ದಿನ ಅರಮನೆ ಬೀಳಲಿಲ್ಲ, ಯುದ್ಧ ನಡೆಯಲಿಲ್ಲ. ಐದು ಪಾಲಾಗಿ ಒಡೆಯುತ್ತಿದ್ದ 30 ಅಳತೆಯ ಲೆಕ್ಕದಲ್ಲಿ 'ಭೂಮಾಲಿಕ' ಮತ್ತು 'ಉತ್ತವ' ಎಂಬ ಎರಡು ಸಾಲುಗಳು ಮೊದಲ ಸಲ ಒಂದಾದವು. ಆ ಒಂದು ಸಾಲಿನ ಬಲದಿಂದಲೇ ನಮ್ಮ ಹಳ್ಳಿಗಳ ಎಷ್ಟೋ ಮನೆಗಳಿಂದ ಮೊದಲ ಸಲ ಒಬ್ಬರು ಕಾಲೇಜಿನ ಮೆಟ್ಟಿಲು ಹತ್ತಿದರು. ನಾನು ಕಟ್ಟುವ ಬಿಇ ಫೀಸಿನ ಬೇರೂ ಅದೇ ಗದ್ದೆಯಲ್ಲಿದೆ. ಈಗ ಅಲ್ಲಿ ಭತ್ತವಿಲ್ಲ, ಅಡಿಕೆ ಇದೆ.

ಜಪಾನಿನ ಸೀರೀಸ್ ನೋಡಬೇಡಿ ಎಂದು ನಾನು ಹೇಳುವುದಿಲ್ಲ, ನಾನೂ ನೋಡುತ್ತೇನೆ. ಅದರ ಜೊತೆಗೆ ಒಂದು ಭಾನುವಾರ ಪೊಳಲಿ, ನಂದಾವರ, ವೇಣೂರು, ಮೂಡುಬಿದಿರೆ ಸುತ್ತಿ ಬನ್ನಿ. ಸುತ್ತಿ ಬಂದ ಮೇಲೆ ಮನೆಯಲ್ಲಿ ಅಜ್ಜಿಯೋ ಅಜ್ಜನೋ ಇದ್ದರೆ ಒಂದೇ ಪ್ರಶ್ನೆ ಕೇಳಿ: ನಮ್ಮ ಗದ್ದೆಗೆ ಗೇಣಿ ಎಷ್ಟು ಮುಡಿ ಇತ್ತು? ಕೊಟ್ಟವರಿರಲಿ, ಪಡೆದವರಿರಲಿ, ಕೂಲಿಗೆ ಹೋದವರಿರಲಿ, ಉತ್ತರ ಅವರ ಬಳಿ ಇದ್ದೇ ಇರುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ. ಬಸದಿಯ ಕಲ್ಲು ಇನ್ನೂ ಆರುನೂರು ವರ್ಷ ಕಾಯುತ್ತದೆ, ಅಜ್ಜಿಯಂದಿರ ನೆನಪು ಅಷ್ಟು ಕಾಯುವುದಿಲ್ಲ.